ಒಳಗೆ ಮೋನೋ, ಹೊರಗೆ ಅಲ್ಲ: ಸಬ್‌ಕೆಟಗರಿ ಇನ್‌ಕ್ಲೂಷನ್ ಎಲ್ಲಿ ಕೈ ಕೊಡುತ್ತದೆ, ಹುಡುಕುವುದು ಹೇಗೆ

ಶಿವಮೊಗ್ಗ ಸುತ್ತಮುತ್ತ ಎಂ.ಎಸ್‌ಸಿ. ಗಣಿತ ಓದುವ ಹುಡುಗರ ಪ್ರಾಜೆಕ್ಟ್ ವರದಿಗಳನ್ನು ಆಗಾಗ ನೋಡಿಕೊಡುತ್ತೇನೆ. ಕೆಟಗರಿ ಥಿಯರಿ ತೆಗೆದುಕೊಂಡವರ ವರದಿಯಲ್ಲಿ ಒಂದು ಸಾಲು ತಪ್ಪದೆ ಸಿಗುತ್ತದೆ: "ಎಫ್ ಈ ಸಬ್‌ಕೆಟಗರಿಯಲ್ಲಿ ಮೋನೋ, ಆದ್ದರಿಂದ ಎಫ್ ಒನ್-ಒನ್." ಮುಂದಿನ ನಾಲ್ಕು ಪುಟ ಅದರ ಮೇಲೆ ನಿಂತಿರುತ್ತದೆ. ಕೆಲವು ಸಲ ಆ ಸಾಲು ಸರಿಯೇ ಇರುತ್ತದೆ, ಆದರೆ ಯಾಕೆ ಸರಿ ಅಂತ ಬರೆದವರಿಗೇ ಗೊತ್ತಿರುವುದಿಲ್ಲ. ಇನ್ನು ಕೆಲವು ಸಲ ಶುದ್ಧ ತಪ್ಪು. ಆ ಸಾಲು ಸಿಕ್ಕಾಗ ನಾನು ಏನೇನು ಪರೀಕ್ಷೆ ಮಾಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಗ್ರೂಪ್, ಹೋಮೋಮಾರ್ಫಿಸಂ, ಕೆಟಗರಿ ಇವುಗಳ ವ್ಯಾಖ್ಯೆ ಗೊತ್ತಿದ್ದರೆ ಸಾಕು. ಸಬ್‌ಕೆಟಗರಿ ಅಂದರೆ ಒಂದು ದೊಡ್ಡ ಕೆಟಗರಿಯ ಕೆಲವು ವಸ್ತು, ಕೆಲವು ಮ್ಯಾಪ್‌ಗಳಷ್ಟೇ ಇಟ್ಟುಕೊಂಡ ಕೆಟಗರಿ; ಒಳಗೆ ಅಂದರೆ ಅದರಲ್ಲಿ, ಹೊರಗೆ ಅಂದರೆ ದೊಡ್ಡದರಲ್ಲಿ. ಚಿಕ್ಕದನ್ನು ದೊಡ್ಡದರೊಳಗೆ ಹಾಗೇ ಇಡುವ ಫಂಕ್ಟರ್ ಇನ್‌ಕ್ಲೂಷನ್. ಮೋನೋ, ಕರ್ನಲ್ ಇವುಗಳ ವ್ಯಾಖ್ಯೆ ಕೆಳಗೆ ಬರುತ್ತದೆ.

ಮೊದಲು ಲಕ್ಷಣ

ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಒಂದೇ ಮ್ಯಾಪಿಗೆ ಕರ್ನಲ್ ತೆಗೆದೆ. ಒಂದು ಕಡೆ ಸೊನ್ನೆ ಬರುತ್ತೆ, ಇನ್ನೊಂದು ಕಡೆ ಪೂರ್ಣಾಂಕಗಳು ಪೂರ್ತಿ ಬರುತ್ತೆ. ಯಾವುದು ತಪ್ಪು?"

"ಯಾವುದೂ ತಪ್ಪಲ್ಲಮ್ಮ. ಎಲ್ಲಿ ನಿಂತು ತೆಗೆದೆ ಅಂತ ಬರೆದಿಲ್ಲ ನೋಡು, ಅದೇ ತೊಂದರೆ."

ಅವಳ ಮ್ಯಾಪ್ ಇದು. ಭಾಗಲಬ್ಧ ಸಂಖ್ಯೆಗಳ ಗ್ರೂಪನ್ನು ಕ್ಯೂ ಎನ್ನೋಣ, ಪೂರ್ಣಾಂಕಗಳದ್ದನ್ನು ಝಡ್ ಎನ್ನೋಣ. ಕ್ಯೂ → ಕ್ಯೂ/ಝಡ್ ಅನ್ನುವ ಸಹಜ ಮ್ಯಾಪ್ ಪೂರ್ಣಾಂಕ ಭಾಗವನ್ನು ಮರೆತುಬಿಡುತ್ತದೆ. ಅರ್ಧ, ಒಂದೂವರೆ, ಎರಡೂವರೆ ಎಲ್ಲ ಒಂದೇ ಜಾಗಕ್ಕೆ ಹೋಗುತ್ತವೆ. ಒನ್-ಒನ್ ಅಲ್ಲ ಅಂತ ಕಣ್ಣಿಗೇ ಕಾಣುತ್ತದೆ.

ಈಗ ಡಿವಿಸಿಬಲ್ ಅಬೀಲಿಯನ್ ಗ್ರೂಪ್‌ಗಳಷ್ಟನ್ನೇ ಇಟ್ಟುಕೊಂಡ ಸಬ್‌ಕೆಟಗರಿಗೆ ಬನ್ನಿ. ಯಾವ ಅಂಶ ಎಕ್ಸ್ ತೆಗೆದುಕೊಂಡರೂ, ಯಾವ ಧನ ಪೂರ್ಣಾಂಕ ಎನ್ ತೆಗೆದುಕೊಂಡರೂ, ಎನ್ ಪಟ್ಟು ಮಾಡಿದರೆ ಎಕ್ಸ್ ಬರುವಂಥ ಒಂದು ಅಂಶ ಗ್ರೂಪಿನೊಳಗೇ ಸಿಗಬೇಕು. ಅದು ಡಿವಿಸಿಬಲ್. ಕ್ಯೂ ಮತ್ತು ಕ್ಯೂ/ಝಡ್ ಎರಡೂ ಹಾಗೆ ಇವೆ. ಝಡ್ ಇಲ್ಲ, ಅಲ್ಲಿ 1ರ ಅರ್ಧ ಸಿಗುವುದಿಲ್ಲ.

ಡಿವಿಸಿಬಲ್ ಗ್ರೂಪ್ ಜಿ ಇಂದ ಕ್ಯೂಗೆ ಒಂದು ಮ್ಯಾಪ್ ಬಂತು, ಮುಂದೆ ಕ್ಯೂ/ಝಡ್‌ಗೆ ಹೋದಾಗ ಸೊನ್ನೆ ಆಯಿತು ಅಂದುಕೊಳ್ಳಿ. ಅಂದರೆ ಜಿಯ ಇಮೇಜ್ ಝಡ್‌ನ ಒಳಗಿದೆ. ಡಿವಿಸಿಬಲ್ ಗ್ರೂಪಿನ ಇಮೇಜ್ ಕೂಡ ಡಿವಿಸಿಬಲ್. ಝಡ್‌ನ ಒಳಗೆ ಡಿವಿಸಿಬಲ್ ಆಗಿರುವುದು ಸೊನ್ನೆ ಒಂದೇ. ಹಾಗಾಗಿ ಮ್ಯಾಪೇ ಸೊನ್ನೆ. ಕಳೆಯುವ ಅವಕಾಶ ಇರುವುದರಿಂದ ಎರಡು ಮ್ಯಾಪ್ ಹೋಲಿಸುವುದೂ ಒಂದನ್ನು ಸೊನ್ನೆಗೆ ಹೋಲಿಸುವುದೂ ಒಂದೇ. ಅಲ್ಲಿಗೆ ಕ್ಯೂ → ಕ್ಯೂ/ಝಡ್ ಈ ಸಬ್‌ಕೆಟಗರಿಯಲ್ಲಿ ಅಪ್ಪಟ ಮೋನೋ, ಕರ್ನಲ್ ಸೊನ್ನೆ. ಅಬೀಲಿಯನ್ ಗ್ರೂಪ್‌ಗಳೆಲ್ಲ ಇರುವ ಕಡೆ ಅದೇ ಮ್ಯಾಪ್ ಮೋನೋ ಅಲ್ಲ, ಕರ್ನಲ್ ಝಡ್.

ನಿಮ್ಮ ವರದಿಯಲ್ಲೂ ಹೀಗೆ ಎರಡು ಉತ್ತರ ಬಂದಿದ್ದರೆ ಲೆಕ್ಕ ತಿದ್ದಲು ಹೋಗಬೇಡಿ. ಲೆಕ್ಕ ಸರಿಯೇ ಇರುತ್ತದೆ.

ಕಾರಣ ಎಲ್ಲಿದೆ

ಮೋನೋ ವ್ಯಾಖ್ಯೆಯನ್ನು ನಿಧಾನವಾಗಿ ಓದಿ. ಯಾವ ಎಕ್ಸ್ ತಂದರೂ, ಎಕ್ಸ್ ಇಂದ ಬರುವ ಎರಡು ಮ್ಯಾಪ್‌ಗಳು ಎಫ್ ದಾಟಿದ ಮೇಲೆ ಒಂದೇ ಆದರೆ ಮೊದಲೇ ಒಂದಾಗಿರಬೇಕು. "ಯಾವ ಎಕ್ಸ್ ತಂದರೂ" ಅನ್ನುವ ಕಡೆ ದೋಷ ಕೂತಿದೆ. ಎಕ್ಸ್ ಅನ್ನು ಎಲ್ಲಿಂದ ತರುತ್ತೀರಿ? ಸಬ್‌ಕೆಟಗರಿಯೊಳಗೆ ಇದ್ದರೆ ಅಲ್ಲಿಂದ ಮಾತ್ರ ತರಬಹುದು. ಅಡಿಕೆ ಮಂಡಿಯ ತಕ್ಕಡಿ ಪಕ್ಕ ಒಂದು ಕೆಜಿಗಿಂತ ಚಿಕ್ಕ ತೂಕದ ಕಲ್ಲೇ ಇಲ್ಲದಿದ್ದರೆ ನೂರು ಗ್ರಾಂ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ? ಡಿವಿಸಿಬಲ್ ಗ್ರೂಪ್‌ಗಳ ಊರಿನಲ್ಲಿ ಝಡ್ ಅಂಥ ಚಿಕ್ಕ ಕಲ್ಲು. ಅದು ಇಲ್ಲ, ಹಾಗಾಗಿ ಅರ್ಧಕ್ಕೂ ಒಂದೂವರೆಗೂ ಇರುವ ವ್ಯತ್ಯಾಸ ಹಿಡಿಯುವವರಿಲ್ಲ.

ಕರ್ನಲ್ ಕೂಡ ಇದೇ ಜಾತಿ. ಎಫ್ ಸೊನ್ನೆ ಮಾಡುವ ಪ್ರತಿ ಮ್ಯಾಪೂ ಕರ್ನಲ್ ಮೂಲಕವೇ, ಒಂದೇ ರೀತಿಯಲ್ಲಿ ಹಾದು ಬರಬೇಕು. ಯಾರ್ಯಾರು ಬರಬಹುದು ಅನ್ನುವುದು ಬದಲಾದರೆ ಕರ್ನಲ್ಲೂ ಬದಲಾಗುತ್ತದೆ.

ಇದರಿಂದ ಒಂದು ದಿಕ್ಕು ಪುಕ್ಕಟೆ ಸಿಗುತ್ತದೆ. ಹೊರಗೆ ಮೋನೋ ಆಗಿದ್ದ ಮ್ಯಾಪ್ ಒಳಗೂ ಮೋನೋ. ಜಾಸ್ತಿ ಜನ ಪರೀಕ್ಷಿಸಿದಾಗ ಪಾಸಾದದ್ದು ಕಡಿಮೆ ಜನ ಪರೀಕ್ಷಿಸಿದಾಗ ಫೇಲಾಗುವುದಿಲ್ಲ. ಒಳಗಿನಿಂದ ಹೊರಗೆ ಹೋಗುವ ದಿಕ್ಕಿಗೆ ಮಾತ್ರ ಕಾರಣ ಕೊಡಬೇಕು. ವರದಿಯಲ್ಲಿ ಯಾವ ದಿಕ್ಕು ಬಳಸಿದ್ದೀರಿ ಅಂತ ಮೊದಲು ನೋಡಿಕೊಳ್ಳಿ. ಪುಕ್ಕಟೆ ದಿಕ್ಕೇ ಆಗಿದ್ದರೆ ಇಲ್ಲಿಗೇ ಕೆಲಸ ಮುಗಿಯಿತು.

ಫುಲ್ ಹೌದೋ ಅಲ್ಲವೋ

ಸಬ್‌ಕೆಟಗರಿಯ ಎರಡು ವಸ್ತುಗಳ ನಡುವೆ ಹೊರಗೆ ಇದ್ದ ಮ್ಯಾಪ್‌ಗಳೆಲ್ಲ ಒಳಗೂ ಇವೆಯಾ? ಇದ್ದರೆ ಫುಲ್. ಇಲ್ಲದಿದ್ದರೆ ತುಂಬಾ ಹುಷಾರಾಗಿರಬೇಕು. ಝಡ್ ಮತ್ತು ಸೊನ್ನೆ ಗ್ರೂಪ್ ಇಟ್ಟುಕೊಂಡು, ಐಡೆಂಟಿಟಿಗಳು ಮತ್ತು ಝಡ್ → 0 ಅನ್ನುವ ಒಂದೇ ಮ್ಯಾಪ್ ಉಳಿಸಿ, ಬಾಕಿ ಎಲ್ಲ ತೆಗೆದುಬಿಡಿ. ಅದೂ ಒಂದು ಸಬ್‌ಕೆಟಗರಿ. ಅಲ್ಲಿ ಝಡ್ → 0 ಮೋನೋ! ಪರೀಕ್ಷಿಸಲು ಐಡೆಂಟಿಟಿ ಬಿಟ್ಟು ಯಾರೂ ಇಲ್ಲ. ಫುಲ್ ಅಲ್ಲದ ಕಡೆ ಸೊನ್ನೆ ಮ್ಯಾಪ್ ಕೂಡ ಕಾಣೆಯಾಗಬಹುದು, ಆಗ ಕರ್ನಲ್ ಅನ್ನುವ ಮಾತಿಗೇ ಅರ್ಥವಿಲ್ಲ. 1 ಇರುವ ರಿಂಗ್‌ಗಳನ್ನು 1 ಬೇಕಿಲ್ಲದ ರಿಂಗ್‌ಗಳ ಒಳಗೆ ಇಟ್ಟಾಗ ಆಗುವುದು ಇದೇ. ಅಲ್ಲಿ ಮೋನೋಗಳು ಸುರಕ್ಷಿತ, ಆದರೆ ಐಡಿಯಲ್‌ಗಳು ಒಳಗಿನ ವಸ್ತುಗಳಲ್ಲ.

ಮುಂದೆ ಎಲ್ಲ ಕಡೆ ಫುಲ್ ಎಂದೇ ಇಟ್ಟುಕೊಳ್ಳುತ್ತೇನೆ. ಆಗ ಕರ್ನಲ್‌ಗೆ ಒಂದು ಸರಳ ಪರೀಕ್ಷೆ ಸಿಗುತ್ತದೆ. ಎಫ್‌ನ ಹೊರಗಿನ ಕರ್ನಲ್ ಯಾವುದೋ ಒಳಗಿನ ವಸ್ತುವಿಗೆ ಐಸೋಮಾರ್ಫಿಕ್ ಆಗಿದ್ದರೆ ಒಳಗೂ ಅದೇ ಕರ್ನಲ್. ಹಾಗಿಲ್ಲದಿದ್ದರೆ ಒಳಗೆ ಬೇರೆ ಕರ್ನಲ್ ಇರಬಹುದು, ಅಥವಾ ಇಲ್ಲದೆಯೂ ಇರಬಹುದು. ಮೇಲಿನ ಉದಾಹರಣೆಯಲ್ಲಿ ಝಡ್ ಡಿವಿಸಿಬಲ್ ಅಲ್ಲ, ಅಲ್ಲೇ ದಾರಿ ತಪ್ಪಿದ್ದು.

ಅಡ್ಜಾಯಿಂಟ್ ಯಾವ ಕಡೆ ಇದೆ

ನನ್ನ ಕೈಗೆ ವರದಿ ಬಂದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಕಳೆಯುವುದು ಇಲ್ಲಿ. ಕೆಟಗರಿ ಅನ್ನುವ ಕಲ್ಪನೆಯನ್ನು ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ 1945ರ ಲೇಖನದಲ್ಲಿ ಮುಂದಿಟ್ಟರು. ಅಡ್ಜಾಯಿಂಟ್ ಫಂಕ್ಟರ್ ಬಂದದ್ದು 1958ರಲ್ಲಿ, ಡೇನಿಯಲ್ ಕಾನ್ ಅವರ ಲೇಖನದಲ್ಲಿ. ನಮ್ಮ ಹುಡುಗರು ಮಾತ್ರ ಎರಡನ್ನೂ ಒಂದೇ ವಾರದಲ್ಲಿ ಓದಿ, ಎಡ ಯಾವುದು ಬಲ ಯಾವುದು ಅಂತ ಕಲಸಿಬಿಡುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಇದು ಸಹಜ, ಅಲ್ವಾ. ಹೆಸರು ನೆನಪಿಡುವ ಬದಲು ಬಾಣದ ದಿಕ್ಕು ನೆನಪಿಡಿ.

ಹೊರಗಿನ ಎಕ್ಸ್‌ನಿಂದ ಒಳಗಿನ ಒಂದು ವಸ್ತು ಆರ್‌ಎಕ್ಸ್‌ಗೆ ಬಾಣ ಹೋಗುತ್ತದೆ, ಎಕ್ಸ್‌ನಿಂದ ಒಳಗಿನ ಯಾವ ವಸ್ತುವಿಗೆ ಹೋಗುವ ಮ್ಯಾಪ್ ಆದರೂ ಈ ಆರ್‌ಎಕ್ಸ್ ಮೂಲಕ ಒಂದೇ ರೀತಿಯಲ್ಲಿ ಹಾದುಹೋಗುತ್ತದೆ ಅಂದುಕೊಳ್ಳಿ. ಇದು ರಿಫ್ಲೆಕ್ಟಿವ್. ಇನ್‌ಕ್ಲೂಷನ್‌ಗೆ ಎಡ ಅಡ್ಜಾಯಿಂಟ್ ಇದೆ. ಇಂಥ ಕಡೆ ಮೋನೋ ಯಾಕೆ ಉಳಿಯುತ್ತದೆ ನೋಡಿ. ಎಫ್: ಎ → ಬಿ ಒಳಗೆ ಮೋನೋ. ಹೊರಗಿನ ವಸ್ತು ಎಕ್ಸ್, ಎಗೆ ಹೋಗುವ ಜಿ, ಎಚ್ ಅನ್ನುವ ಎರಡು ಮ್ಯಾಪ್ ತಂದಿತು. ಎಫ್ ದಾಟಿದ ಮೇಲೆ ಎರಡೂ ಒಂದೇ. ಎ ಒಳಗಿನ ವಸ್ತು, ಹಾಗಾಗಿ ಜಿ ಮತ್ತು ಎಚ್ ಎರಡೂ ಆರ್‌ಎಕ್ಸ್ ಮೂಲಕ ಬಂದಿವೆ. ಆರ್‌ಎಕ್ಸ್‌ನಿಂದ ಹೊರಡುವ ಅವುಗಳ ಜೊತೆಗಾರ ಮ್ಯಾಪ್‌ಗಳೂ ಎಫ್ ದಾಟಿ ಬಿಗೆ ಹೋದಾಗ ಒಂದೇ ಆಗಬೇಕು, ಯಾಕೆಂದರೆ ಬಿ ಕೂಡ ಒಳಗಿನದು, ಹಾದುಹೋಗುವ ರೀತಿ ಒಂದೇ. ಈಗ ಎಲ್ಲ ಒಳಗೇ ನಡೆಯುತ್ತಿದೆ. ಎಫ್ ಅಲ್ಲಿ ಮೋನೋ, ಜೊತೆಗಾರರು ಒಂದೇ. ಆದ್ದರಿಂದ ಜಿಯೂ ಎಚ್ಚೂ ಒಂದೇ. ಕರ್ನಲ್‌ಗೂ ಇದೇ ವಾದ ನಡೆಯುತ್ತದೆ. ಪ್ರಾಡಕ್ಟ್, ಈಕ್ವಲೈಸರ್ ಯಾವ ಲಿಮಿಟ್ ಆದರೂ ನಡೆಯುತ್ತದೆ.

ಹೊರಗಿನ ಪರೀಕ್ಷಕನಿಗೆ ಒಳಗೆ ಒಬ್ಬ ಪ್ರತಿನಿಧಿ ಸಿಕ್ಕ. ಅಷ್ಟೇ ವಿಷಯ.

ಅಬೀಲಿಯನ್ ಗ್ರೂಪ್‌ಗಳು ಎಲ್ಲ ಗ್ರೂಪ್‌ಗಳ ಒಳಗೆ ಹೀಗೆ ಇವೆ, ಕಮ್ಯುಟೇಟರ್ ಸಬ್‌ಗ್ರೂಪಿನಿಂದ ಭಾಗಿಸಿದರೆ ಪ್ರತಿನಿಧಿ ಸಿಗುತ್ತಾನೆ. ಟಾರ್ಷನ್-ಫ್ರೀ ಅಬೀಲಿಯನ್ ಗ್ರೂಪ್‌ಗಳೂ ಹೀಗೆ, ಟಾರ್ಷನ್ ಭಾಗ (ಯಾವುದೋ ಧನ ಪೂರ್ಣಾಂಕದಿಂದ ಗುಣಿಸಿದರೆ ಸೊನ್ನೆಯಾಗುವ ಅಂಶಗಳು) ತೆಗೆದು ಹಾಕಿದರಾಯಿತು. ಪ್ರತಿ ತೆರೆದ ಗಣಕ್ಕೂ ಒಂದು ಅಬೀಲಿಯನ್ ಗ್ರೂಪ್ ಕೊಡುವ ವ್ಯವಸ್ಥೆ ಪ್ರೀಶೀಫ್, ತುಣುಕುಗಳನ್ನು ಒಂದೇ ರೀತಿಯಲ್ಲಿ ಅಂಟಿಸಲು ಬರುವ ಪ್ರೀಶೀಫ್ ಶೀಫ್; ಶೀಫ್‌ಗಳು ಪ್ರೀಶೀಫ್‌ಗಳ ಒಳಗೆ ಕೂತಿರುವುದೂ ಹೀಗೆಯೇ. ಆದ್ದರಿಂದಲೇ ಶೀಫ್ ಕರ್ನಲ್ ತೆಗೆಯುವಾಗ ಪ್ರತಿ ತೆರೆದ ಗಣದ ಮೇಲೂ ಸುಮ್ನೆ ಕರ್ನಲ್ ತೆಗೆದರೆ ಸಾಕು, ಮತ್ತೆ ಶೀಫಿಫೈ ಮಾಡಬೇಕಿಲ್ಲ.

ಇನ್ನೊಂದು ದಿಕ್ಕು. ಒಳಗಿನ ವಸ್ತು ಟಿಎಕ್ಸ್‌ನಿಂದ ಹೊರಗಿನ ಎಕ್ಸ್‌ಗೆ ಬಾಣ ಬರುತ್ತದೆ, ಒಳಗಿನಿಂದ ಎಕ್ಸ್‌ಗೆ ಬರುವ ಮ್ಯಾಪ್‌ಗಳೆಲ್ಲ ಟಿಎಕ್ಸ್ ಮೂಲಕವೇ, ಒಂದೇ ರೀತಿಯಲ್ಲಿ ಬರುತ್ತವೆ. ಇದು ಕೋರಿಫ್ಲೆಕ್ಟಿವ್. ಇನ್‌ಕ್ಲೂಷನ್‌ಗೆ ಬಲ ಅಡ್ಜಾಯಿಂಟ್ ಇದೆ. ಇಲ್ಲಿ ಪರೀಕ್ಷಕ ಎಕ್ಸ್‌ಗೆ ಪ್ರತಿನಿಧಿ ಇದ್ದಾನೆ, ಆದರೆ ಅವನು ಎಕ್ಸ್‌ನ ಒಂದು ಮೂಲೆಯನ್ನು ಮಾತ್ರ ನೋಡಬಲ್ಲ. ಉಳಿದದ್ದು ಅವನಿಗೆ ಕಾಣುವುದಿಲ್ಲ. ಡಿವಿಸಿಬಲ್ ಗ್ರೂಪ್‌ಗಳು ಈ ಬಗೆ: ಟಿಎಕ್ಸ್ ಅಂದರೆ ಎಕ್ಸ್‌ನ ಒಳಗಿನ ಅತಿ ದೊಡ್ಡ ಡಿವಿಸಿಬಲ್ ಸಬ್‌ಗ್ರೂಪ್. ಝಡ್‌ಗೆ ಅದು ಸೊನ್ನೆ. ಒಳಗಿನ ಕರ್ನಲ್ ಏನು ಅಂದರೆ, ಹೊರಗಿನ ಕರ್ನಲ್ ತೆಗೆದು ಅದಕ್ಕೆ ಟಿ ಹಾಕಿದ್ದು. ಹಾಗಾಗಿ ಝಡ್ ಹೋಗಿ ಸೊನ್ನೆ ಬಂತು.

ಟೋಪಾಲಜಿ ಓದುವವರಿಗೆ ಇದರ ಅಣ್ಣ-ತಮ್ಮ ಒಬ್ಬನಿದ್ದಾನೆ. ಬೇಸ್‌ಪಾಯಿಂಟ್ ಇರುವ ಕನೆಕ್ಟೆಡ್ ಸ್ಪೇಸ್‌ಗಳನ್ನು ಬೇಸ್‌ಪಾಯಿಂಟ್ ಇರುವ ಎಲ್ಲ ಸ್ಪೇಸ್‌ಗಳ ಒಳಗೆ ಇಡಿ. ನೈಜ ರೇಖೆಯನ್ನು ವೃತ್ತದ ಮೇಲೆ ಸುತ್ತುವ ಮ್ಯಾಪ್ ಒಳಗೆ ಮೋನೋ. ಎರಡು ಮ್ಯಾಪ್ ವೃತ್ತದಲ್ಲಿ ಒಂದೇ ಆದರೆ ಅವುಗಳ ವ್ಯತ್ಯಾಸ ಪೂರ್ಣಾಂಕ ಬೆಲೆಯ ನಿರಂತರ ಫಂಕ್ಷನ್. ಕನೆಕ್ಟೆಡ್ ಆದ್ದರಿಂದ ಅದು ಸ್ಥಿರ, ಬೇಸ್‌ಪಾಯಿಂಟಿನಲ್ಲಿ ಸೊನ್ನೆ, ಹಾಗಾಗಿ ಎಲ್ಲ ಕಡೆ ಸೊನ್ನೆ. ಇಲ್ಲೂ ಕಳೆದುಹೋದದ್ದು ಝಡ್ಡೇ.

ಕೋರಿಫ್ಲೆಕ್ಟಿವ್ ಅಂದ ತಕ್ಷಣ ಕೆಟ್ಟಿದೆ ಅಂತ ಬರೆಯಬೇಡಿ. ಟಾರ್ಷನ್ ಅಬೀಲಿಯನ್ ಗ್ರೂಪ್‌ಗಳೂ ಕೋರಿಫ್ಲೆಕ್ಟಿವ್ ಆಗಿವೆ, ಅಲ್ಲಿ ಮೋನೋ, ಕರ್ನಲ್ ಎರಡೂ ಚೆನ್ನಾಗಿ ಉಳಿಯುತ್ತವೆ. ಕಾರಣ ಮುಂದಿನ ಭಾಗದಲ್ಲಿದೆ. ಕೋರಿಫ್ಲೆಕ್ಟಿವ್ ಪುಕ್ಕಟೆಯಾಗಿ ಕೊಡುವುದು ಎಪಿ ಮತ್ತು ಕೋಕರ್ನಲ್, ಅಂದರೆ ಬಾಣಗಳನ್ನು ತಿರುಗಿಸಿದ ಮೋನೋ ಮತ್ತು ಕರ್ನಲ್. ರಿಫ್ಲೆಕ್ಟಿವ್ ಆದಲ್ಲಿ ಇವೇ ಕೈ ಕೊಡುತ್ತವೆ. ಟಾರ್ಷನ್-ಫ್ರೀ ಗ್ರೂಪ್‌ಗಳಲ್ಲಿ ಝಡ್ ಅನ್ನು 2ರಿಂದ ಗುಣಿಸುವ ಮ್ಯಾಪ್ ಎಪಿ, ಆದರೆ 1 ಅದರ ಇಮೇಜಿನಲ್ಲಿ ಇಲ್ಲ. ಕರ್ನಲ್ ಸರಿ ಇದೆ ಅಂತ ಖುಷಿಪಟ್ಟು ಮುಂದಿನ ಪುಟದಲ್ಲಿ "ಇನ್‌ಕ್ಲೂಷನ್ ಎಕ್ಸ್ಯಾಕ್ಟ್" (ಕರ್ನಲ್, ಕೋಕರ್ನಲ್ ಎರಡನ್ನೂ ಉಳಿಸುತ್ತದೆ) ಅಂತ ಬರೆದವರನ್ನು ಕಂಡಿದ್ದೇನೆ. ಶೀಫ್, ಪ್ರೀಶೀಫ್ ಎರಡೂ ಅಬೀಲಿಯನ್ ಕೆಟಗರಿಗಳೇ, ಅಂದರೆ ಕರ್ನಲ್, ಕೋಕರ್ನಲ್ ಅಬೀಲಿಯನ್ ಗ್ರೂಪ್‌ಗಳಲ್ಲಿ ನಡೆದ ಹಾಗೇ ನಡೆಯುವಂಥವು. ಹಾಗಿದ್ದರೂ ಇನ್‌ಕ್ಲೂಷನ್ ಎಡಗಡೆ ಮಾತ್ರ ಎಕ್ಸ್ಯಾಕ್ಟ್: ಕರ್ನಲ್ ಉಳಿಯುತ್ತದೆ, ಕೋಕರ್ನಲ್ ಉಳಿಯಬೇಕೆಂದಿಲ್ಲ.

ಅಡ್ಜಾಯಿಂಟ್ ಕಾಣದಿದ್ದರೆ

ಎರಡು ದಾರಿ ಇವೆ. ಯಾವುದೋ ಒಂದು ಸಿಕ್ಕರೂ ಸಾಕು.

ಒಂದು, ಸಬ್‌ಕೆಟಗರಿ ಸಬ್‌ಆಬ್ಜೆಕ್ಟ್‌ಗಳಿಗೆ ಮುಚ್ಚಿದೆಯಾ? ಒಳಗಿನ ವಸ್ತುವಿನ ಸಬ್‌ಆಬ್ಜೆಕ್ಟ್ ಎಲ್ಲ ಒಳಗೇ ಇದ್ದರೆ ಕರ್ನಲ್ ತಾನಾಗಿ ಒಳಗೆ ಬಂತು. ಹೊರಗಿನದು ಅಬೀಲಿಯನ್ ಕೆಟಗರಿ ಅಥವಾ ಗ್ರೂಪ್‌ಗಳ ಕೆಟಗರಿ ಆಗಿದ್ದರೆ ಮೋನೋ ಕೂಡ ಉಳಿಯುತ್ತದೆ, ಯಾಕೆಂದರೆ ಕರ್ನಲ್ ಸೊನ್ನೆ ಆದರೆ ಮೋನೋ. ಟಾರ್ಷನ್ ಗ್ರೂಪ್‌ಗಳು, ಸಾಂತ ಗ್ರೂಪ್‌ಗಳು, ನೋಥೇರಿಯನ್ ರಿಂಗ್ ಮೇಲಿನ ಫೈನೈಟ್ಲಿ ಜನರೇಟೆಡ್ ಮಾಡ್ಯೂಲ್‌ಗಳು ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಸೇರ್ ಸಬ್‌ಕೆಟಗರಿ (ಸಬ್‌ಆಬ್ಜೆಕ್ಟ್, ಕೋಷಂಟ್, ಎಕ್ಸ್‌ಟೆನ್ಷನ್ ಮೂರಕ್ಕೂ ಮುಚ್ಚಿದ್ದು) ಅಂತ ಗೊತ್ತಿದ್ದರೆ ಬೇರೆ ಏನೂ ನೋಡಬೇಕಿಲ್ಲ.

ಎರಡು, ಚಿಕ್ಕ ವ್ಯತ್ಯಾಸವನ್ನೂ ಹಿಡಿಯುವ ವಸ್ತು ಒಳಗಿದೆಯಾ? ಗ್ರೂಪ್‌ಗಳ ಪ್ರಪಂಚದಲ್ಲಿ ಅದು ಝಡ್. ಝಡ್ ಇಂದ ಜಿಗೆ ಒಂದು ಮ್ಯಾಪ್ ಅಂದರೆ ಜಿಯ ಒಂದು ಅಂಶ ಆರಿಸಿದ ಹಾಗೆ. ಝಡ್ ಒಳಗಿದ್ದರೆ ಒಳಗಿನ ಮೋನೋ ಎಲ್ಲ ಒನ್-ಒನ್. ಒಳಗೆ ಕರ್ನಲ್ ಇದ್ದರೆ ಅದೂ ಹೊರಗಿನದೇ: ಎಫ್ ಸೊನ್ನೆ ಮಾಡುವ ಪ್ರತಿ ಅಂಶಕ್ಕೂ ಝಡ್ ಇಂದ ಒಂದು ಮ್ಯಾಪ್ ಇದೆ, ಅದು ಕರ್ನಲ್ ಮೂಲಕ ಹಾದು ಬರಲೇಬೇಕು.

"ಇದ್ದರೆ" ಅನ್ನುವುದನ್ನು ಗಮನಿಸಿ. ಫೈನೈಟ್ಲಿ ಜನರೇಟೆಡ್ ಗ್ರೂಪ್‌ಗಳ ಒಳಗೆ ಝಡ್ ಇದೆ. ಎರಡು ಜನರೇಟರ್ ಇರುವ ಫ್ರೀ ಗ್ರೂಪನ್ನು ಅದರ ಅಬೀಲಿಯನೈಸೇಷನ್‌ಗೆ ಕಳಿಸಿ. ಹೊರಗಿನ ಕರ್ನಲ್ ಕಮ್ಯುಟೇಟರ್ ಸಬ್‌ಗ್ರೂಪ್, ಅದು ಫೈನೈಟ್ಲಿ ಜನರೇಟೆಡ್ ಅಲ್ಲ. ಒಳಗೆ ಕರ್ನಲ್ ಇದ್ದಿದ್ದರೆ ಇದೇ ಆಗಬೇಕಿತ್ತು. ಆಗಲಿಲ್ಲ, ಅಂದರೆ ಒಳಗೆ ಕರ್ನಲ್ಲೇ ಇಲ್ಲ. "ಇನ್‌ಕ್ಲೂಷನ್ ಕರ್ನಲ್ ಉಳಿಸುತ್ತದೆ" ಅನ್ನುವ ಮಾತು ಇಲ್ಲಿ ನಿಜ. "ಒಳಗೆ ಕರ್ನಲ್ ತೆಗೆಯಬಹುದು" ಅನ್ನುವುದು ಸುಳ್ಳು. ವರದಿಗಳಲ್ಲಿ ಎರಡನೆಯದು ಬೇಕಿದ್ದು ಮೊದಲನೆಯದನ್ನು ಸಾಧಿಸಿಟ್ಟಿರುತ್ತಾರೆ.

ಮೋನೋ ಸರಿ, ಕರ್ನಲ್ ತಪ್ಪು

ಇದು ಅಪರೂಪದ ದೋಷ, ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಪೂರ್ತಿ ಬಿಡಿಸುತ್ತೇನೆ.

ಪಿ ಅನ್ನುವುದು 2ರ ಪ್ರ್ಯೂಫರ್ ಗ್ರೂಪ್ ಆಗಿರಲಿ: ಕ್ಯೂ/ಝಡ್‌ನಲ್ಲಿ ಛೇದ 2ರ ಘಾತವಾಗಿರುವ ಅಂಶಗಳು. ಅರ್ಧ, ಕಾಲು, ಅರೆಕಾಲು, ಹೀಗೆ. ಪಿ ಡಿವಿಸಿಬಲ್. ಎರಡೇ ಅಂಶ ಇರುವ ಗ್ರೂಪನ್ನು ಡಿ ಎನ್ನಿ. ಕೆಲವು ಪಿಗಳು, ಕೆಲವು ಡಿಗಳು ಸೇರಿದ ಸಾಂತ ಡೈರೆಕ್ಟ್ ಸಮ್‌ಗಳಷ್ಟೇ ನಮ್ಮ ಸಬ್‌ಕೆಟಗರಿಯಲ್ಲಿ ಇರಲಿ, ಮ್ಯಾಪ್‌ಗಳು ಎಲ್ಲ ಇರಲಿ.

ಮೋನೋ ನೋಡಿ. ಒಳಗಿನ ಒಂದು ಮ್ಯಾಪಿಗೆ ಹೊರಗೆ ಸೊನ್ನೆಯಲ್ಲದ ಕರ್ನಲ್ ಇದ್ದರೆ, ಅದರ ಪ್ರತಿ ಅಂಶದ ಆರ್ಡರ್ 2ರ ಘಾತ. ಹಾಗಾಗಿ ಆರ್ಡರ್ 2 ಇರುವ ಅಂಶ ಒಂದು ಅಲ್ಲಿ ಸಿಗುತ್ತದೆ, ಡಿ ಅದನ್ನು ತೋರಿಸಿಕೊಡುತ್ತದೆ. ಆ ಮ್ಯಾಪ್ ಒಳಗೂ ಮೋನೋ ಅಲ್ಲ. ಅಂದರೆ ಇನ್‌ಕ್ಲೂಷನ್ ಮೋನೋಗಳನ್ನು ಉಳಿಸುತ್ತದೆ.

ಈಗ ಪಿಯನ್ನು 4ರಿಂದ ಗುಣಿಸಿ. ಹೊರಗೆ ಕರ್ನಲ್ ನಾಲ್ಕು ಅಂಶದ ಸೈಕ್ಲಿಕ್ ಗ್ರೂಪ್: 0, ಕಾಲು, ಅರ್ಧ, ಮುಕ್ಕಾಲು. ಒಳಗಿನವರು ಯಾರ್ಯಾರು ಇಲ್ಲಿಗೆ ಬರಬಹುದು? ಪಿ ಬರುವುದಿಲ್ಲ; ಅದು ಡಿವಿಸಿಬಲ್, ಈ ಸಾಂತ ಗ್ರೂಪಿನಲ್ಲಿ ಸೊನ್ನೆ ಬಿಟ್ಟು ಬೇರೆ ಇಮೇಜ್ ಇರಲಾರದು. ಡಿ ಬರುತ್ತದೆ, ಆದರೆ ಅರ್ಧದವರೆಗೆ ಮಾತ್ರ. ಕಾಲು, ಮುಕ್ಕಾಲು ಮುಟ್ಟಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಒಳಗಿನ ಕರ್ನಲ್ 0 ಮತ್ತು ಅರ್ಧ, ಅಂದರೆ ಡಿ. ನಾಲ್ಕಿರಬೇಕಾದ ಕಡೆ ಎರಡು. ಮೋನೋ ಎಲ್ಲ ಸರಿ ಇದ್ದೂ ಕರ್ನಲ್ ತಪ್ಪಿತು. ಸೊನ್ನೆಯೋ ಅಲ್ಲವೋ ಅಂತ ಹೇಳಲು ಡಿ ಸಾಕು, ಎಷ್ಟು ದೊಡ್ಡದು ಅಂತ ಅಳೆಯಲು ಸಾಲದು.

ತಿರುಗಿಸಿ ಕೇಳಿದರೆ, ಕರ್ನಲ್ ಉಳಿದರೆ ಮೋನೋ ಉಳಿಯುತ್ತದಾ? ಹೊರಗಿನದು ಅಬೀಲಿಯನ್ ಆಗಿದ್ದರೆ ಹೌದು. ಒಳಗಿನ ಮೋನೋಗೆ ಕರ್ನಲ್ ಸೊನ್ನೆ, ಅದು ಹೊರಗೂ ಸೊನ್ನೆಯಾಗಿ ಉಳಿಯಿತು, ಮುಗಿಯಿತು. ಮಾನಾಯ್ಡ್‌ಗಳಲ್ಲಿ (ಗ್ರೂಪಿನಂಥವೇ, ಆದರೆ ವಿಲೋಮ ಬೇಕಿಲ್ಲ) ಕೆಲಸ ಮಾಡುವವರು ಮಾತ್ರ ಈ ವಾದ ಬಳಸಬೇಡಿ. ಸ್ವಾಭಾವಿಕ ಸಂಖ್ಯೆಗಳ ಜೋಡಿಯನ್ನು ಕೂಡಿಸಿ ಒಂದು ಸಂಖ್ಯೆ ಮಾಡುವ ಮ್ಯಾಪಿಗೆ ಕರ್ನಲ್ ಸೊನ್ನೆಯೇ, ಆದರೆ (1, 2) ಮತ್ತು (2, 1) ಎರಡೂ 3ಕ್ಕೆ ಹೋಗುತ್ತವೆ.

ಸರಿಪಡಿಸುವುದು

ದೋಷ ಖಾತ್ರಿಯಾದ ಮೇಲೆ ಮೂರು ಬಗೆಯ ದುರಸ್ತಿ ಇದೆ. ಎಲ್ಲಕ್ಕಿಂತ ಅಗ್ಗದ್ದು, ಕರ್ನಲ್‌ಗಳನ್ನೆಲ್ಲ ಹೊರಗಿನ ಕೆಟಗರಿಯಲ್ಲೇ ತೆಗೆದು, ಹಾಗಂತ ಒಂದು ಸಾಲು ಬರೆಯುವುದು. ಬಹಳ ವರದಿಗಳಿಗೆ ಇದೇ ಸಾಕು, ಸಬ್‌ಕೆಟಗರಿಯ ಮಾತು ಸುಮ್ನೆ ಅಲಂಕಾರಕ್ಕೆ ಬಂದಿರುತ್ತದೆ. ಎರಡನೆಯದು, ಸಬ್‌ಕೆಟಗರಿಯನ್ನು ಸ್ವಲ್ಪ ಹಿಗ್ಗಿಸುವುದು. ಡಿವಿಸಿಬಲ್ ಗ್ರೂಪ್‌ಗಳ ಜೊತೆ ಝಡ್ ಒಂದನ್ನು ಸೇರಿಸಿದರೂ ಕ್ಯೂ → ಕ್ಯೂ/ಝಡ್ ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ಹಿಗ್ಗಿಸಿದ ಮೇಲೆ ನಿಮ್ಮ ಉಳಿದ ಪ್ರಮೇಯಗಳು ನಿಲ್ಲುತ್ತವೆಯಾ ನೋಡಿ. ಎಲ್ಲ ವಸ್ತುವೂ ಇಂಜೆಕ್ಟಿವ್ (ಸಬ್‌ಗ್ರೂಪಿನಿಂದ ಅದಕ್ಕೆ ಬಂದ ಮ್ಯಾಪನ್ನು ಪೂರ್ತಿ ಗ್ರೂಪಿಗೆ ಹಿಗ್ಗಿಸಬಹುದು) ಅಂತ ಎಲ್ಲಾದರೂ ಬಳಸಿದ್ದರೆ ಅದು ಈಗ ಹೋಯಿತು.

ಮೂರನೆಯದು ನನಗೆ ಇಷ್ಟ: ಪ್ರಮೇಯವನ್ನೇ ತಿದ್ದುವುದು. ಡಿವಿಸಿಬಲ್ ಗ್ರೂಪ್‌ಗಳಲ್ಲಿ ಎಫ್ ಮೋನೋ ಆಗುವುದು ಯಾವಾಗ ಅಂದರೆ, ಅದರ ಹೊರಗಿನ ಕರ್ನಲ್ಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಡಿವಿಸಿಬಲ್ ಸಬ್‌ಗ್ರೂಪ್ ಇಲ್ಲದಿದ್ದಾಗ, ಆಗ ಮಾತ್ರ. ಇಂಥ ಗ್ರೂಪಿಗೆ ರೆಡ್ಯೂಸ್ಡ್ ಅನ್ನುತ್ತಾರೆ. ತೀರ್ಥಹಳ್ಳಿ ಹುಡುಗಿಯ ವರದಿಯಲ್ಲಿ "ಆದ್ದರಿಂದ ಎಫ್ ಒನ್-ಒನ್" ಅಂತ ಇದ್ದ ಕಡೆ "ಆದ್ದರಿಂದ ಎಫ್‌ನ ಕರ್ನಲ್ ರೆಡ್ಯೂಸ್ಡ್" ಅಂತ ಹಾಕಿಸಿದೆ. ಮುಂದಿನ ಪುಟಗಳಲ್ಲಿ ಅವಳಿಗೆ ನಿಜವಾಗಿ ಬೇಕಿದ್ದದ್ದು ಅಷ್ಟೇ ಆಗಿತ್ತು, ಒಂದು ಉಪಪ್ರಮೇಯ ಮಾತ್ರ ಕೈಬಿಡಬೇಕಾಯಿತು.